ಈಟಿಂಗ್ ಡಿಸಾರ್ಡರ್ ಸಂಶೋಧನೆಗೆ ಅನುದಾನ ಕಡಿತ: ಜನ ಏನು ಮಾಡಬಹುದು? ಪದೇ ಪದೇ ಕೇಳುವ ಪ್ರಶ್ನೆಗಳು

ಸಂಶೋಧನೆಯ ಅನುದಾನ ಕಡಿತವಾಯಿತು ಅಂತ ಗೊತ್ತಾದ ಕೂಡಲೇ ತುಂಬಾ ಜನ ಕೈಜೋಡಿಸಲು ಮುಂದೆ ಬರುತ್ತಾರೆ. ಕಾಯಿಲೆ ಅನುಭವಿಸಿ ಹೊರಬಂದವರು, ಇನ್ನೂ ಅದರ ಜೊತೆ ಹೆಣಗುತ್ತಿರುವವರು, ಅಪ್ಪ ಅಮ್ಮಂದಿರು, ಶಿಕ್ಷಕರು, ಕೆಲವೊಮ್ಮೆ ಸಂಶೋಧಕರೇ. ಈಟಿಂಗ್ ಡಿಸಾರ್ಡರ್ ಅಂದರೆ ಊಟದ ಜೊತೆಗಿನ ಸಂಬಂಧವೇ ಕೆಟ್ಟು ಮೈ, ಮನಸ್ಸು ಎರಡನ್ನೂ ಹಾಳು ಮಾಡುವ ಕಾಯಿಲೆಗಳು. ಅದರ ಸಂಶೋಧನೆಗೆ ದೇಣಿಗೆ ಎತ್ತುವ ಒಂದು ಸಣ್ಣ ಗುಂಪು ನಾವು. ಜನ ನಮ್ಮನ್ನು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇವೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇವೆ. ಜನ ಕೊಡುವ ದೇಣಿಗೆಯಿಂದ ಸರ್ಕಾರದ ಅನುದಾನದ ಜಾಗ ತುಂಬಲು ಆಗುವುದಿಲ್ಲ. ದೊಡ್ಡ ಹಣ ವಾಪಸ್ ಬರುವವರೆಗೆ ಕೆಲಸದ ಎಳೆ ಕಡಿದುಹೋಗದಂತೆ ನೋಡಿಕೊಳ್ಳುವುದು, ಆ ಹಣ ವಾಪಸ್ ಕೊಡಿ ಅಂತ ಕೇಳುತ್ತಲೇ ಇರುವುದು, ಇವೆರಡು ನಮ್ಮ ಕೈಯಲ್ಲಿವೆ. ಇವೆರಡೂ ಸಣ್ಣ ಕೆಲಸಗಳಲ್ಲ.

ಕಾಯಿಲೆ ಇರುವವರೂ ಇದನ್ನು ಓದುತ್ತಾರೆ. ಹಾಗಾಗಿ ಯಾರ ತೂಕವನ್ನೂ, ಕ್ಯಾಲೊರಿ ಲೆಕ್ಕವನ್ನೂ ಇಲ್ಲಿ ಬರೆದಿಲ್ಲ.

ಅನುದಾನ ನಿಂತರೆ ನಿಜವಾಗಿ ಏನು ನಿಲ್ಲುತ್ತದೆ?

ಲ್ಯಾಬಿಗೆ ಬೀಗ ಬೀಳುತ್ತದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಕಟ್ಟಡ ಹಾಗೇ ಇರುತ್ತದೆ. ಮೊದಲು ಹೋಗುವುದು ಮನುಷ್ಯರು.

ಗುತ್ತಿಗೆಯ ಮೇಲೆ ಕೆಲಸ ಮಾಡುವ ಒಬ್ಬ ಸಂಶೋಧನಾ ಸಹಾಯಕಿಯನ್ನು ನೆನೆಸಿಕೊಳ್ಳಿ. ಅಧ್ಯಯನದಲ್ಲಿ ಭಾಗವಹಿಸಿದವರಿಗೆ ಆರು ತಿಂಗಳಿಗೊಮ್ಮೆ ಫೋನ್ ಮಾಡುವವಳು ಅವಳೇ. ಯಾರು ಬೆಳಿಗ್ಗೆ ಫೋನ್ ಎತ್ತುವುದಿಲ್ಲ, ಯಾರಿಗೆ ಮೊದಲು ಮೆಸೇಜ್ ಕಳಿಸಬೇಕು, ಯಾರ ಅಮ್ಮನ ಹತ್ತಿರ ಮಾತಾಡಬಾರದು, ಎಲ್ಲ ಅವಳ ತಲೆಯಲ್ಲಿದೆ. ನಾಚಿಕೆ, ಗುಟ್ಟು ಎರಡೂ ಜಾಸ್ತಿ ಇರುವ ಕಾಯಿಲೆ ಇದು. ಗುರುತಿನ ದನಿ ಕೇಳಿದರೆ ಮಾತ್ರ ಬಾಯಿಬಿಡುವವರು ತುಂಬಾ ಜನ. ಗುತ್ತಿಗೆ ಮುಗಿದು ಅವಳು ಬೇರೆ ಕೆಲಸಕ್ಕೆ ಹೋದರೆ, ಪಟ್ಟಿಯಲ್ಲಿ ಬರೀ ಹೆಸರು, ನಂಬರ್ ಉಳಿಯುತ್ತವೆ. ನಂಬರ್‌ಗಳೂ ಬದಲಾಗುತ್ತಾ ಹೋಗುತ್ತವೆ.

ಆಮೇಲೆ ಮಾದರಿಗಳ ಸರದಿ. ಜನ ಕೊಟ್ಟ ರಕ್ತ, ಜೊಲ್ಲು, ಅದರಿಂದ ತೆಗೆದ ಡಿಎನ್‌ಎ ಫ್ರೀಜರ್‌ನಲ್ಲಿರುತ್ತದೆ. ರಕ್ತದ ಮಾದರಿಗಳಿಗೆ ಸಾಮಾನ್ಯವಾಗಿ ಮೈನಸ್ 80 ಡಿಗ್ರಿ ಬೇಕು. ಅದಕ್ಕೆ ಕರೆಂಟ್ ಬೇಕು, ರಿಪೇರಿ ಬೇಕು, ಮಧ್ಯರಾತ್ರಿ ಅಲಾರಂ ಹೊಡೆದರೆ ಓಡಿ ಬರುವವರು ಬೇಕು. ಅನುದಾನ ಕಡಿತದ ಸುದ್ದಿಯಲ್ಲಿ ಇದ್ಯಾವುದೂ ಬರುವುದಿಲ್ಲ.

ಕೊನೆಗೆ ವಿದ್ಯಾರ್ಥಿಗಳು. ಈ ವಿಷಯ ತೆಗೆದುಕೊಂಡರೆ ಕೆಲಸ ಸಿಗುವುದಿಲ್ಲ ಅಂತ ಗೊತ್ತಾದರೆ ಜಾಣ ಹುಡುಗ ಹುಡುಗಿಯರು ಬೇರೆ ವಿಷಯಕ್ಕೆ ಹೋಗುತ್ತಾರೆ. ಅವರದ್ದೇನೂ ತಪ್ಪಿಲ್ಲ. ಆದರೆ ಹತ್ತು ವರ್ಷ ಬಿಟ್ಟು ಈ ಕಾಯಿಲೆ ಬಲ್ಲ ತಜ್ಞರು ಕಡಿಮೆಯಾಗಿರುತ್ತಾರೆ.

ಒಂದೆರಡು ವರ್ಷ ನಿಲ್ಲಿಸಿ, ಹಣ ಬಂದಮೇಲೆ ಮುಂದುವರಿಸಬಹುದಲ್ವಾ?

ಕೆಲವು ಕೆಲಸಕ್ಕೆ ಆಗುತ್ತದೆ. ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡುವ ಅಧ್ಯಯನಕ್ಕೆ ಆಗುವುದಿಲ್ಲ. ತಪ್ಪಿಹೋದ ಹನ್ನೆರಡನೇ ತಿಂಗಳ ಸಂದರ್ಶನವನ್ನು ಮುಂದೆ ಯಾವಾಗಲೋ ಮಾಡಿ ಸರಿದೂಗಿಸಲು ಬರುವುದಿಲ್ಲ.

ಇದಕ್ಕೆ ನಮಗೆ ತುಂಬಾ ಹಿಡಿಸಿದ ಉದಾಹರಣೆ ಒಂದಿದೆ. ಅಮೆರಿಕದ ಬಾಸ್ಟನ್‌ನಲ್ಲಿ 1980ರ ದಶಕದ ಕೊನೆಯಲ್ಲಿ ಅನೊರೆಕ್ಸಿಯಾ (ತೂಕ ಹೆಚ್ಚುವ ಭಯದಲ್ಲಿ ಊಟ ತೀರಾ ಕಡಿಮೆ ಮಾಡುವ ಕಾಯಿಲೆ) ಮತ್ತು ಬುಲಿಮಿಯಾ (ಒಮ್ಮೆಲೇ ತುಂಬಾ ತಿಂದು ಆಮೇಲೆ ಅದನ್ನು ಸರಿದೂಗಿಸಲು ಹೆಣಗುವ ಕಾಯಿಲೆ) ಇದ್ದ 246 ಮಹಿಳೆಯರನ್ನು ಒಂದು ಅಧ್ಯಯನಕ್ಕೆ ಸೇರಿಸಿಕೊಳ್ಳಲು ಶುರು ಮಾಡಿದರು. ಸುಮಾರು ಒಂಬತ್ತು ವರ್ಷದ ನಂತರ ನೋಡಿದಾಗ ಅನೊರೆಕ್ಸಿಯಾ ಇದ್ದವರಲ್ಲಿ ಗುಣವಾದವರು ಶೇ. 31 ಮಾತ್ರ. ಅಲ್ಲಿಗೇ ನಿಲ್ಲಿಸಿದ್ದರೆ ಏನಾಗುತ್ತಿತ್ತು? ಮೂವರಲ್ಲಿ ಇಬ್ಬರಿಗೆ ಗುಣವಾಗುವುದಿಲ್ಲ ಅಂತ ಪುಸ್ತಕಗಳಲ್ಲಿ ಸೇರುತ್ತಿತ್ತು. ವೈದ್ಯರು ಮನೆಯವರಿಗೆ ಅದನ್ನೇ ಹೇಳುತ್ತಿದ್ದರು. ಆದರೆ ತಂಡ ಅವರನ್ನು ಬಿಡಲಿಲ್ಲ. ಅಧ್ಯಯನ ಶುರುವಾಗಿ ಸುಮಾರು 22 ವರ್ಷದ ನಂತರ ಮತ್ತೆ ಹುಡುಕಿ ಮಾತಾಡಿಸಿದಾಗ ಶೇ. 63ರಷ್ಟು ಜನ ಗುಣವಾಗಿದ್ದರು. 2017ರಲ್ಲಿ ಆ ಫಲಿತಾಂಶ ಪ್ರಕಟವಾಯಿತು. ಹತ್ತು ವರ್ಷದಿಂದ ಕಾಯಿಲೆ ಇರುವ ಮಗಳ ತಾಯಿಗೆ ಇವತ್ತು ಯಾರಾದರೂ ‘ಇನ್ನೂ ಕಾಲ ಮಿಂಚಿಲ್ಲ’ ಅಂತ ಧೈರ್ಯವಾಗಿ ಹೇಳಬಹುದಾದರೆ ಅದಕ್ಕೆ ಇಂಥ ಕೆಲಸವೇ ಆಧಾರ. ಮಧ್ಯದಲ್ಲಿ ಎಳೆ ಕಡಿದಿದ್ದರೆ ಈ ಮಾತು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಈಗಲೇ ಚಿಕಿತ್ಸೆ ಇದೆಯಲ್ಲ. ಇನ್ನೂ ಏನು ಕಂಡುಹಿಡಿಯಬೇಕು?

ಚಿಕಿತ್ಸೆ ಇದೆ, ಅದರಿಂದ ಜೀವಗಳೂ ಉಳಿದಿವೆ. ಎಲ್ಲರಿಗೂ ಸಾಕಾಗುತ್ತಿಲ್ಲ.

ಹದಿಹರೆಯದವರ ಅನೊರೆಕ್ಸಿಯಾಗೆ ಇವತ್ತು ಮೊದಲ ಆಯ್ಕೆ ಅಂದರೆ ಕುಟುಂಬ ಆಧಾರಿತ ಚಿಕಿತ್ಸೆ. ಲಂಡನ್‌ನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ಬೆಳೆದ ಪದ್ಧತಿ ಇದು. ಊಟದ ಜವಾಬ್ದಾರಿಯನ್ನು ಸ್ವಲ್ಪ ಕಾಲ ಅಪ್ಪ ಅಮ್ಮ ತಮ್ಮ ಕೈಗೆ ತೆಗೆದುಕೊಳ್ಳುತ್ತಾರೆ. ಮಗು ಚೇತರಿಸಿಕೊಂಡ ಹಾಗೆ ನಿಧಾನವಾಗಿ ವಾಪಸ್ ಕೊಡುತ್ತಾರೆ. ಅದಕ್ಕೂ ಮೊದಲು ತುಂಬಾ ಕಾಲ ಮನೆಯವರನ್ನೇ ಕಾಯಿಲೆಗೆ ಕಾರಣ ಅಂತ ದೂರ ಇಡುತ್ತಿದ್ದರು. ಆ ನಂಬಿಕೆಯನ್ನು ಬದಲಿಸಿದ್ದು ಸಂಶೋಧನೆ. 2010ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 121 ಮಕ್ಕಳಿದ್ದರು. ಚಿಕಿತ್ಸೆ ಮುಗಿದು ಒಂದು ವರ್ಷವಾದ ಮೇಲೆ ಕುಟುಂಬ ಆಧಾರಿತ ಚಿಕಿತ್ಸೆ ಪಡೆದವರಲ್ಲಿ ಶೇ. 49 ಮಕ್ಕಳು ಪೂರ್ತಿ ಸುಧಾರಿಸಿದ್ದರು. ಮಗುವಿನ ಜೊತೆ ಮಾತ್ರ ಮಾತಾಡುವ ಇನ್ನೊಂದು ಚಿಕಿತ್ಸೆಯಲ್ಲಿ ಅದು ಶೇ. 23.

ಇದು ದೊಡ್ಡ ಗೆಲುವು. ಆದರೆ ಉಳಿದ ಅರ್ಧ ಮಕ್ಕಳ ಗತಿ ಏನು? ಆ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸವೇ ಈಗ ನಿಲ್ಲುತ್ತಿರುವುದು.

ದೊಡ್ಡವರ ಅನೊರೆಕ್ಸಿಯಾದಲ್ಲಿ ಇಷ್ಟು ಸ್ಪಷ್ಟವಾಗಿ ಮುಂದಿರುವ ಒಂದು ಚಿಕಿತ್ಸೆ ಇನ್ನೂ ಇಲ್ಲ. ಔಷಧದ ವಿಷಯಕ್ಕೆ ಬಂದರೆ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಬುಲಿಮಿಯಾಗೆ ಫ್ಲೂಆಕ್ಸೆಟಿನ್‌ಗೆ ಅನುಮತಿ ಕೊಟ್ಟಿದೆ. ತಡೆಯಲಾಗದೆ ಒಮ್ಮೆಲೇ ತುಂಬಾ ತಿನ್ನುವ ಬಿಂಜ್ ಈಟಿಂಗ್‌ಗೆ 2015ರಲ್ಲಿ ಲಿಸ್‌ಡೆಕ್ಸಾಂಫೆಟಮಿನ್‌ಗೆ ಕೊಟ್ಟಿತು. ಅನೊರೆಕ್ಸಿಯಾಗೆಂದೇ ಅನುಮತಿ ಪಡೆದ ಒಂದೇ ಒಂದು ಮಾತ್ರೆ ಇಲ್ಲ. ಆರ್ಫಿಡ್ ಎನ್ನುವ ಇನ್ನೊಂದು ಕಾಯಿಲೆ ಇದೆ. ತೂಕದ ಚಿಂತೆ ಇಲ್ಲದೆಯೇ ಊಟದ ವಾಸನೆ, ಮುಟ್ಟಿದರೆ ಹೇಗಿರುತ್ತದೆ ಎನ್ನುವುದು, ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯ, ಇಂಥ ಕಾರಣಕ್ಕೆ ತಿನ್ನಲಾಗದಿರುವುದು. ಅದು ಈ ಹೆಸರಿನಲ್ಲಿ ರೋಗಗಳ ಪಟ್ಟಿಗೆ ಸೇರಿದ್ದೇ 2013ರಲ್ಲಿ. ಅದರ ಸಂಶೋಧನೆ ಇನ್ನೂ ಅಂಬೆಗಾಲಿಡುತ್ತಿದೆ.

ದೇಣಿಗೆ ಕೇಳಿದರೆ ‘ಇದು ಹಠ, ಶೋಕಿ’ ಅನ್ನುತ್ತಾರೆ. ಏನು ಹೇಳಬೇಕು?

ಈ ಮಾತು ಕೇಳದ ಸ್ವಯಂಸೇವಕರೇ ಇಲ್ಲ. ಜಗಳಕ್ಕೆ ಇಳಿಯಬೇಡಿ. ಮೂರು ವಿಷಯ ಹೇಳಿ, ಸಾಕು.

ಮೊದಲನೆಯದು ಸಾವು. 2011ರಲ್ಲಿ 36 ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿದರು. ಅನೊರೆಕ್ಸಿಯಾ ಇರುವವರ ಸಾವಿನ ಪ್ರಮಾಣ ಸಾಮಾನ್ಯ ಜನರಿಗಿಂತ ಐದು ಪಟ್ಟಿಗೂ ಜಾಸ್ತಿ ಇತ್ತು. ಸತ್ತವರಲ್ಲಿ ಐವರಲ್ಲಿ ಒಬ್ಬರದು ಆತ್ಮಹತ್ಯೆ. ಶೋಕಿಗೆ ಯಾರೂ ಹೀಗೆ ಸಾಯುವುದಿಲ್ಲ.

ಎರಡನೆಯದು ವಂಶವಾಹಿ. 2019ರಲ್ಲಿ ಅನೊರೆಕ್ಸಿಯಾ ಇರುವ 16,992 ಜನರ ಡಿಎನ್‌ಎಯನ್ನು ಕಾಯಿಲೆ ಇಲ್ಲದ 55,525 ಜನರ ಡಿಎನ್‌ಎ ಜೊತೆ ಹೋಲಿಸಿದ ಅಧ್ಯಯನ ಬಂತು. ಡಿಎನ್‌ಎಯಲ್ಲಿ ಕಾಯಿಲೆಗೆ ಸಂಬಂಧಪಟ್ಟ ಎಂಟು ಜಾಗಗಳು ಸಿಕ್ಕವು. ಮನಸ್ಸಿನ ಬೇರೆ ಕಾಯಿಲೆಗಳ ಜೊತೆ ನಂಟು ಕಂಡಿತು. ಅಷ್ಟೇ ಆಗಿದ್ದರೆ ಯಾರಿಗೂ ಆಶ್ಚರ್ಯ ಆಗುತ್ತಿರಲಿಲ್ಲ. ದೇಹ ಸಕ್ಕರೆ, ಕೊಬ್ಬನ್ನು ನಿಭಾಯಿಸುವ ರೀತಿಯ ಜೊತೆಗೂ ನಂಟಿತ್ತು. ಬರೀ ಮನಸ್ಸಿನ ಮಾತು ಅಂದುಕೊಂಡಿದ್ದ ಕಾಯಿಲೆಗೆ ಚಯಾಪಚಯದ ಬೇರೂ ಇರಬಹುದು ಅಂತ ಅಲ್ಲಿಂದ ಸಂಶೋಧಕರು ಗಟ್ಟಿಯಾಗಿ ಹೇಳತೊಡಗಿದರು. ವಂಶವಾಹಿ ಅಂದ ಮಾತ್ರಕ್ಕೆ ಹಣೆಬರಹ ಅಂತಲ್ಲ. ಕೆಲವರಿಗೆ ಹುಟ್ಟಿನಿಂದಲೇ ಅಪಾಯ ಜಾಸ್ತಿ ಇರುತ್ತದೆ, ಅಷ್ಟೆ.

ಮೂರನೆಯದು ಹಸಿವಿನ ಕೆಲಸ. 1944ರ ಕೊನೆಯಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎನ್ನುವ ವಿಜ್ಞಾನಿ 36 ಜನ ಆರೋಗ್ಯವಂತ ಗಂಡಸರ ಮೇಲೆ ಒಂದು ಪ್ರಯೋಗ ಶುರು ಮಾಡಿದರು. ಎರಡನೇ ಮಹಾಯುದ್ಧದಲ್ಲಿ ಹಸಿದ ಜನರಿಗೆ ಮತ್ತೆ ಹೇಗೆ ಉಣಿಸಬೇಕು ಅಂತ ತಿಳಿಯುವುದು ಅದರ ಉದ್ದೇಶ. ತಿಂಗಳುಗಟ್ಟಲೆ ಅರೆಹೊಟ್ಟೆ ಇಟ್ಟಾಗ ಆ ಗಂಡಸರು ಅಡುಗೆ ಪುಸ್ತಕ ಓದತೊಡಗಿದರು. ತಟ್ಟೆ ಮುಂದೆ ಗಂಟೆಗಟ್ಟಲೆ ಕೂತರು. ಮಂಕಾದರು, ಸಿಡುಕಿದರು, ಗೆಳೆಯರಿಂದ ದೂರವಾದರು. ಅವರಿಗೆ ಯಾವ ಹಠವೂ ಇರಲಿಲ್ಲ. ಹಸಿವೇ ಮನಸ್ಸನ್ನು ಹಾಗೆ ಬದಲಿಸಿತ್ತು. ‘ಸುಮ್ನೆ ತಿಂದರೆ ಸರಿಹೋಗುತ್ತಾಳೆ’ ಅನ್ನುವವರಿಗೆ ಇದನ್ನು ಹೇಳಿ. ಕಾಯಿಲೆ ಎಲ್ಲಿಂದಲೇ ಶುರುವಾಗಿರಲಿ, ಹಸಿದ ಮೆದುಳು ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ.

ಇದು ಹುಡುಗಿಯರ ಕಾಯಿಲೆ, ತೆಳ್ಳಗಿರುವವರ ಕಾಯಿಲೆ ಅನ್ನುವವರೂ ಸಿಗುತ್ತಾರೆ. ಗಂಡಸರಿಗೂ ಬರುತ್ತದೆ. ಇನ್ನು ಈಟಿಂಗ್ ಡಿಸಾರ್ಡರ್ ಇರುವ ಹೆಚ್ಚಿನವರ ತೂಕ ನೋಡಿದರೆ ಕಡಿಮೆ ಇರುವುದೇ ಇಲ್ಲ. ನೋಡಿದ ಕೂಡಲೇ ಗೊತ್ತಾಗುವ ಕಾಯಿಲೆ ಇದಲ್ಲ.

ಕಡಿತಕ್ಕೆ ಮೊದಲೂ ಅನುದಾನ ಕಡಿಮೆಯೇ ಇತ್ತಂತೆ. ಯಾಕೆ?

ಹೌದು, ಮೊದಲಿನಿಂದಲೂ ಕಡಿಮೆ. 2015ರ ಅಮೆರಿಕದ ಸರ್ಕಾರಿ ಅನುದಾನವನ್ನು ರೋಗಿಗಳ ಸಂಖ್ಯೆಯಿಂದ ಭಾಗಿಸಿ ನೋಡಿದ ಲೆಕ್ಕವೊಂದಿದೆ. ಸ್ಕಿಜೋಫ್ರೇನಿಯಾ ಎಂಬ ಮನಸ್ಸಿನ ಕಾಯಿಲೆಯ ಒಬ್ಬ ರೋಗಿಯ ಲೆಕ್ಕಕ್ಕೆ 80 ಡಾಲರ್‌ಗೂ ಜಾಸ್ತಿ ಬಂದರೆ, ಈಟಿಂಗ್ ಡಿಸಾರ್ಡರ್ ರೋಗಿಯ ಲೆಕ್ಕಕ್ಕೆ ಒಂದು ಡಾಲರ್ ಕೂಡ ಬರಲಿಲ್ಲ. ಸ್ಕಿಜೋಫ್ರೇನಿಯಾಗೆ ಜಾಸ್ತಿ ಕೊಟ್ಟರು ಅಂತ ನಮ್ಮ ದೂರಲ್ಲ, ಅದಕ್ಕೂ ಇನ್ನೂ ಬೇಕು. ಇಲ್ಲಿ ಏನೂ ಇಲ್ಲವಲ್ಲ ಅನ್ನುವುದೇ ದುಃಖ.

ಕಾರಣ ಹಲವು. ರೋಗಿಗಳು ಗುಟ್ಟಾಗಿ ಇಡುತ್ತಾರೆ, ಮನೆಯವರು ಹೇಳಿಕೊಳ್ಳುವುದಿಲ್ಲ. ಹಾಗಾಗಿ ಬೀದಿಗಿಳಿದು ಕೇಳುವವರು ಕಡಿಮೆ. ಲೆಕ್ಕದಲ್ಲೂ ಬಿಟ್ಟುಹೋಗುತ್ತಾರೆ. ಜಗತ್ತಿನ ರೋಗಗಳ ಹೊರೆಯನ್ನು ಅಳೆಯುವ 2019ರ ದೊಡ್ಡ ಲೆಕ್ಕದಲ್ಲಿ ಅನೊರೆಕ್ಸಿಯಾ, ಬುಲಿಮಿಯಾ ಎರಡನ್ನು ಮಾತ್ರ ಎಣಿಸಿದ್ದರು. ಬಿಂಜ್ ಈಟಿಂಗ್ ಮತ್ತು ಇತರ ಬಗೆಗಳನ್ನು ಸೇರಿಸಿ ನೋಡಿದಾಗ ಇನ್ನೂ 4.19 ಕೋಟಿ ಜನ ಹೊರಗುಳಿದಿದ್ದರು ಅಂತ 2021ರಲ್ಲಿ ತೋರಿಸಿಕೊಟ್ಟರು. ಎಣಿಕೆಗೇ ಬಾರದವರಿಗೆ ಹಣ ಎಲ್ಲಿಂದ ಬರಬೇಕು?

ಜನ ಸೇರಿಸಿದ ಹಣದಿಂದ ನಿಜವಾಗಿ ಏನಾದರೂ ಆಗುತ್ತದಾ?

ಆಗುತ್ತದೆ. ಎಲ್ಲಿ ಹಾಕುತ್ತೀರಿ ಅನ್ನುವುದರ ಮೇಲೆ ನಿಂತಿದೆ.

ಎಎಲ್‌ಎಸ್ ಎಂಬ ನರಗಳ ಕಾಯಿಲೆಗಾಗಿ 2014ರಲ್ಲಿ ಜನ ತಲೆಮೇಲೆ ಐಸ್ ನೀರು ಸುರಿದುಕೊಂಡ ವಿಡಿಯೋಗಳು ನೆನಪಿರಬಹುದು. ಅಮೆರಿಕದ ಎಎಲ್‌ಎಸ್ ಸಂಸ್ಥೆಗೆ ಆಗ 11.5 ಕೋಟಿ ಡಾಲರ್ ಬಂತು. ಆ ಹಣದ ಒಂದು ಪಾಲು ಹೋದ ಸಂಶೋಧನೆಯಿಂದ 2016ರಲ್ಲಿ ಆ ಕಾಯಿಲೆಗೆ ಸಂಬಂಧಪಟ್ಟ ಎನ್‌ಇಕೆ1 ಎಂಬ ವಂಶವಾಹಿ ಸಿಕ್ಕಿತು. ಜನರ ಹಣ ವಿಜ್ಞಾನವನ್ನು ಮುಂದೆ ತಳ್ಳಬಲ್ಲದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ನಮ್ಮ ವಿಷಯದಲ್ಲೂ ಇದೆ. ಮೇಲೆ ಹೇಳಿದ 2019ರ ವಂಶವಾಹಿ ಅಧ್ಯಯನಕ್ಕೆ ಡಿಎನ್‌ಎ ಒದಗಿಸಿದ ದೊಡ್ಡ ಯೋಜನೆಯೊಂದು ಶುರುವಾಗಿದ್ದು ಕ್ಲಾರ್ಮನ್ ಎಂಬ ಕುಟುಂಬದ ದತ್ತಿ ಸಂಸ್ಥೆಯ ಹಣದಿಂದ. ನಾಲ್ಕೈದು ದೇಶಗಳ ಸಾವಿರಾರು ಜನ ತಮ್ಮ ಮಾದರಿ ಕೊಟ್ಟರು.

ನಮ್ಮಂಥ ಸಣ್ಣ ಗುಂಪುಗಳಿಗೆ ಅಷ್ಟು ಹಣ ಸಿಗುವುದಿಲ್ಲ, ನಿಜ. ಆದರೆ ಒಬ್ಬ ಸಹಾಯಕಿಯ ಕೆಲವು ತಿಂಗಳ ಸಂಬಳ, ಫ್ರೀಜರ್‌ನ ಖರ್ಚು, ಭಾಗವಹಿಸುವವರ ಓಡಾಟದ ವೆಚ್ಚ, ಈಗಾಗಲೇ ಸಂಗ್ರಹವಾಗಿರುವ ಮಾಹಿತಿಯನ್ನು ವಿಶ್ಲೇಷಿಸುವವರ ಕೂಲಿ, ಇವು ಕೈಗೆಟುಕುವ ಮೊತ್ತಗಳು. ದೊಡ್ಡ ಅಧ್ಯಯನಕ್ಕೆ ಮೊದಲು ಪರೀಕ್ಷೆಗಾಗಿ ಮಾಡುವ ಸಣ್ಣ ಅಧ್ಯಯನಗಳೂ ಹಾಗೆಯೇ. ಅದರ ಫಲಿತಾಂಶ ಕೈಯಲ್ಲಿದ್ದರೆ ದೊಡ್ಡ ಅನುದಾನಕ್ಕೆ ಅರ್ಜಿ ಹಾಕುವಾಗ ಬಲ ಬರುತ್ತದೆ. ಹೊಸ ಯೋಜನೆ ಶುರು ಮಾಡುವುದಕ್ಕಿಂತ ಮುಕ್ಕಾಲು ಮುಗಿದು ನಿಂತಿರುವುದನ್ನು ಮುಗಿಸಲು ಹಣ ಕೊಡಿ ಅಂತ ನಾವು ಯಾವಾಗಲೂ ಹೇಳುತ್ತೇವೆ. ಜನ ಈಗಾಗಲೇ ತಮ್ಮ ರಕ್ತ, ಸಮಯ, ಕಣ್ಣೀರು ಎಲ್ಲ ಕೊಟ್ಟಿರುತ್ತಾರೆ. ಅದು ವ್ಯರ್ಥ ಆಗಬಾರದು.

ಯಾವ ತಂಡಕ್ಕೆ ಕೊಡಬೇಕು ಅಂತ ಹೇಗೆ ನಿರ್ಧರಿಸುವುದು? ನಮಗೆ ವಿಜ್ಞಾನ ಗೊತ್ತಿಲ್ಲ.

ಪ್ರಶ್ನೆ ಕೇಳಲು ಗೊತ್ತಿದ್ದರೆ ಸಾಕು. ತಂಡವನ್ನು ಭೇಟಿಯಾಗಿ ಇಷ್ಟು ಕೇಳಿ: ಏನು ನಿಂತಿದೆ? ಈ ಹಣ ಬಂದರೆ ಯಾವ ತಿಂಗಳೊಳಗೆ ಏನು ಮುಗಿಯುತ್ತದೆ? ಭಾಗವಹಿಸುವವರಿಗೆ ಅನ್ಯಾಯ ಆಗದಂತೆ ನೋಡುವ ನೈತಿಕ ಸಮಿತಿಯ ಒಪ್ಪಿಗೆ ಇನ್ನೂ ಚಾಲ್ತಿಯಲ್ಲಿದೆಯಾ? ಯೋಜನೆ ಮಾಡುವಾಗ ಕಾಯಿಲೆ ಅನುಭವಿಸಿದವರನ್ನು ಕೇಳಿದ್ದೀರಾ? ಫಲಿತಾಂಶ ಏನೇ ಬಂದರೂ ಪ್ರಕಟಿಸುತ್ತೀರಾ? ನೇರವಾಗಿ ಉತ್ತರ ಕೊಡುವ ತಂಡವನ್ನು ನಂಬಬಹುದು. ನಾವು ಈ ಕಾಯಿಲೆಗೆ ಮದ್ದು ಕಂಡುಹಿಡಿದೇಬಿಡುತ್ತೇವೆ ಅನ್ನುವವರ ಹತ್ತಿರ ಹುಷಾರಾಗಿರಿ.

ಮೊದಲು ಯಾವ ಪ್ರಶ್ನೆಗೆ ಉತ್ತರ ಬೇಕು ಅನ್ನುವುದನ್ನು ರೋಗಿಗಳು, ಮನೆಯವರು, ವೈದ್ಯರು ಸಮಾನವಾಗಿ ಕೂತು ನಿರ್ಧರಿಸುವ ಪದ್ಧತಿ ಇದೆ. ಬ್ರಿಟನ್‌ನಲ್ಲಿ 2004ರಲ್ಲಿ ಶುರುವಾದ ಜೇಮ್ಸ್ ಲಿಂಡ್ ಅಲಯನ್ಸ್ ಅದನ್ನೇ ಮಾಡುತ್ತದೆ. ನಿಮ್ಮ ಗುಂಪು ಎಷ್ಟೇ ಸಣ್ಣದಿರಲಿ, ಇದನ್ನು ಅನುಸರಿಸಬಹುದು. ಒಂದು ಮಧ್ಯಾಹ್ನ ಎಲ್ಲರನ್ನೂ ಕೂರಿಸಿ. ತಮಗೆ ಉತ್ತರ ಬೇಕಾದ ಪ್ರಶ್ನೆಯನ್ನು ಚೀಟಿಯಲ್ಲಿ ಬರೆಯಲು ಹೇಳಿ. ವಿಜ್ಞಾನಿಗಳು ಮೆದುಳಿನ ಚಿತ್ರದ ಬಗ್ಗೆ ಯೋಚಿಸುತ್ತಿರುವಾಗ ತಾಯಂದಿರು ‘ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರಗಳಲ್ಲಿ ಮತ್ತೆ ಬೀಳದಂತೆ ಏನು ಮಾಡಬೇಕು’ ಅಂತ ಬರೆಯುತ್ತಾರೆ. ಎರಡೂ ಬೇಕು. ಆದರೆ ಎರಡನೆಯದನ್ನು ಕೇಳಿಸಿಕೊಳ್ಳುವವರು ಕಡಿಮೆ.

ಹಣ ಯಾರ ಖಾತೆಗೆ ಹಾಕಬೇಕು?

ವಿಶ್ವವಿದ್ಯಾಲಯ, ಆಸ್ಪತ್ರೆ ಅಥವಾ ನೋಂದಾಯಿತ ದತ್ತಿ ಸಂಸ್ಥೆಯ ಖಾತೆಗೆ. ಯಾವ ವ್ಯಕ್ತಿಯ ಖಾತೆಗೂ ಬೇಡ, ಅವರು ಎಷ್ಟೇ ಒಳ್ಳೆಯವರಿರಲಿ. ಈ ಕೆಲಸಕ್ಕೆ ಮಾತ್ರ ಮೀಸಲು ಅಂತ ಬರಹದಲ್ಲಿ ಪಡೆಯಿರಿ. ಯೋಜನೆ ನಿಂತರೆ ಉಳಿದ ಹಣ ಏನಾಗುತ್ತದೆ ಅನ್ನುವುದೂ ಅದರಲ್ಲಿರಲಿ. ಆಡಳಿತ ವೆಚ್ಚ ಅಂತ ಸಂಸ್ಥೆ ಒಂದು ಪಾಲು ಇಟ್ಟುಕೊಳ್ಳಬಹುದು. ಎಷ್ಟು ಅಂತ ಮೊದಲೇ ಕೇಳಿ, ದೇಣಿಗೆ ಕೊಡುವವರಿಗೂ ಹೇಳಿ. ರಸೀದಿ ಎಲ್ಲರಿಗೂ ಸಿಗಬೇಕು, ಸಣ್ಣ ಮೊತ್ತ ಕೊಟ್ಟವರಿಗೂ.

ಓಟ, ಉಪವಾಸ, ತೂಕ ಇಳಿಸುವ ಸವಾಲು ಇಟ್ಟು ಹಣ ಎತ್ತಬಹುದಾ?

ಉಪವಾಸ ಬೇಡ. ತೂಕ ಇಳಿಸುವ ಸವಾಲು ಬೇಡವೇ ಬೇಡ. ಒಳ್ಳೆ ಮನಸ್ಸಿನಿಂದಲೇ ಜನ ಇವನ್ನು ಸೂಚಿಸುತ್ತಾರೆ, ಯಾಕಂದರೆ ಬೇರೆ ಕಾಯಿಲೆಗಳಿಗೆ ಹೀಗೆಯೇ ಹಣ ಎತ್ತುವುದನ್ನು ನೋಡಿರುತ್ತಾರೆ. ಆದರೆ ಊಟ ಬಿಟ್ಟವರಿಗೆ ಚಪ್ಪಾಳೆ ಹೊಡೆಯುವ ಕಾರ್ಯಕ್ರಮ ಈ ಕಾಯಿಲೆಯ ಹೆಸರಿನಲ್ಲಿ ನಡೆಯಬಾರದು.

ಓಟ ಸ್ವಲ್ಪ ಸೂಕ್ಷ್ಮ. ಅತಿಯಾದ ವ್ಯಾಯಾಮ ಹಲವರಲ್ಲಿ ಕಾಯಿಲೆಯ ಭಾಗ. ಚೇತರಿಸಿಕೊಳ್ಳುತ್ತಿರುವ ಹುಡುಗನೊಬ್ಬ ಗುಂಪಿನ ಮೇಲಿನ ಪ್ರೀತಿಗೆ ಹೆಸರು ಕೊಟ್ಟು, ತರಬೇತಿಯ ನೆಪದಲ್ಲಿ ಮತ್ತೆ ಆ ಸುಳಿಗೆ ಬೀಳಬಹುದು. ಮಾಡಲೇಬೇಕು ಅಂದರೆ ನಿಧಾನ ನಡಿಗೆ ಇಡಿ. ದೂರ, ಸಮಯ, ಸುಟ್ಟ ಕ್ಯಾಲೊರಿ ಯಾವುದನ್ನೂ ಅಳೆಯಬೇಡಿ, ಬಹುಮಾನ ಇಡಬೇಡಿ. ಕುಳಿತು ಸೇರುವ ಕಾರ್ಯಕ್ರಮಗಳು ಇನ್ನೂ ಒಳ್ಳೆಯದು. ಹಾಡಿನ ಸಂಜೆ, ಪುಸ್ತಕ ಮಾರಾಟ, ಚಿತ್ರಗಳ ಹರಾಜು, ಸಂಶೋಧಕರೊಡನೆ ಮಾತುಕತೆ. ತಿಂಡಿ ಮಾರಾಟದ ಸುತ್ತಲೇ ಕಾರ್ಯಕ್ರಮ ಕಟ್ಟಿದರೆ ಕೆಲವರು ಬಾಗಿಲಿನಿಂದಲೇ ವಾಪಸ್ ಹೋಗುತ್ತಾರೆ.

ದಿನ ಹುಡುಕುತ್ತಿದ್ದರೆ ಜೂನ್ 2 ಇದೆ. 2016ರಿಂದ ಅದನ್ನು ಈಟಿಂಗ್ ಡಿಸಾರ್ಡರ್‌ಗಳ ವಿಶ್ವ ದಿನವಾಗಿ ಆಚರಿಸುತ್ತಾ ಬಂದಿದ್ದಾರೆ.

ವೇದಿಕೆ ಮೇಲೆ ನನ್ನ ಕಥೆ ಹೇಳಲೇಬೇಕಾ?

ಬೇಡ. ಇದನ್ನು ಒತ್ತಿ ಹೇಳುತ್ತೇವೆ. ಹಣ ಬರಲಿ ಅಂತ ಯಾರೂ ತಮ್ಮ ಗಾಯ ತೆರೆದು ತೋರಿಸುವ ಅಗತ್ಯ ಇಲ್ಲ.

ಒಂದು ಸಭೆಯಲ್ಲಿ ನಮ್ಮ ಗುಂಪಿನ ಹುಡುಗಿಯೊಬ್ಬಳು ಮಾತಾಡಿದಳು. ಚಿಕಿತ್ಸೆಗೆ ಎಷ್ಟು ಕಾಲ ಕಾದಳು, ಯಾವ ಅಧ್ಯಯನದಲ್ಲಿ ಭಾಗವಹಿಸಿದಳು, ಅದು ಮಧ್ಯಕ್ಕೆ ನಿಂತಾಗ ಏನನಿಸಿತು, ಎಲ್ಲ ಚೆನ್ನಾಗಿ ಹೇಳಿದಳು. ಮಾತು ಮುಗಿದ ಕೂಡಲೇ ನಿರೂಪಕರು ಮೈಕ್ ಹಿಡಿದು, ‘ಆಗ ನಿಮ್ಮ ತೂಕ ಎಷ್ಟಿತ್ತು?’ ಅಂತ ಕೇಳಿದರು. ಅವಳು ಒಂದು ಕ್ಷಣ ಸುಮ್ಮನಿದ್ದು, ‘ಅದು ಮುಖ್ಯ ಅಲ್ಲ’ ಅಂದಳು. ಸಭೆಯಲ್ಲಿ ಕಾಯಿಲೆ ಇರುವ ಬೇರೆ ಮಕ್ಕಳೂ ಇದ್ದರು. ಅವಳು ಸಂಖ್ಯೆ ಹೇಳಿದ್ದರೆ ಅವರು ಅದನ್ನು ಗುರಿಯ ಹಾಗೆ ಮನೆಗೆ ಹೊತ್ತುಕೊಂಡು ಹೋಗುತ್ತಿದ್ದರು. ಅಂದಿನಿಂದ ಕಾರ್ಯಕ್ರಮಕ್ಕೆ ಮೊದಲೇ ನಿರೂಪಕರಿಗೆ ಒಂದು ಚೀಟಿ ಕೊಡುತ್ತೇವೆ. ತೂಕ ಕೇಳಬೇಡಿ, ಎಷ್ಟು ತಿನ್ನುತ್ತಿದ್ದೆ ಅಂತ ಕೇಳಬೇಡಿ, ಹೇಗೆ ಮುಚ್ಚಿಡುತ್ತಿದ್ದೆ ಅಂತ ಕೇಳಬೇಡಿ, ಹಿಂದಿನ ಫೋಟೋ ಇಂದಿನ ಫೋಟೋ ಅಕ್ಕಪಕ್ಕ ಹಾಕಬೇಡಿ.

ಹೇಳಬೇಕು ಅಂತ ನಿಮಗೇ ಅನಿಸಿದರೆ ಹೇಳಿ. ಹೆಸರಿಲ್ಲದೆಯೂ ಹೇಳಬಹುದು. ಇಂದು ಒಪ್ಪಿ ನಾಳೆ ಬೇಡ ಅಂದರೂ ಸರಿ. ಒಂದು ಸಲ ಆನ್‌ಲೈನ್‌ಗೆ ಹೋದದ್ದನ್ನು ಪೂರ್ತಿ ಅಳಿಸಲು ಆಗುವುದಿಲ್ಲ, ಅದನ್ನು ಯೋಚಿಸಿ. ನಿಮ್ಮ ಚಿಕಿತ್ಸಕರ ಜೊತೆ ಮೊದಲು ಮಾತಾಡಿದರೆ ಒಳ್ಳೆಯದು.

ಮಗಳ ಪರವಾಗಿ ನಾನು, ಅವಳ ತಂದೆ, ಮಾತಾಡಬಹುದಾ?

ನಿಮ್ಮ ಕಥೆ ಹೇಳಿ, ಅವಳದ್ದಲ್ಲ. ರಾತ್ರಿ ನಿದ್ದೆ ಇಲ್ಲದೆ ಅವಳ ಕೋಣೆಯ ಬಾಗಿಲಲ್ಲಿ ನಿಂತದ್ದು, ರಜೆ ಹಾಕಿ ಮೂರು ಹೊತ್ತು ಜೊತೆಗೆ ಕೂತದ್ದು ನಿಮ್ಮದು. ಅವಳು ಏನು ತಿಂದಳು, ಏನು ಎಸೆದಳು ಅನ್ನುವುದು ಅವಳಿಗೆ ಸೇರಿದ್ದು. ಮಗಳು ಚಿಕ್ಕವಳಾದರೆ ಹೆಸರು, ಫೋಟೋ, ಶಾಲೆ ಯಾವುದೂ ಬೇಡ. ಅವಳು ಹೂಂ ಅಂದರೂ ಬೇಡ. ಇಪ್ಪತ್ತೈದರ ವಯಸ್ಸಿನಲ್ಲಿ ಅವಳಿಗೆ ಅದು ಹೇಗನಿಸುತ್ತದೋ ಈಗ ಅವಳಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ.

ಡಯಟ್ ಕಂಪನಿ, ಜಿಮ್, ತೂಕ ಇಳಿಸುವ ಆ್ಯಪ್‌ನವರು ಹಣ ಕೊಡುತ್ತೇವೆ ಅಂದರೆ?

ನಾವು ತೆಗೆದುಕೊಳ್ಳುವುದಿಲ್ಲ. ಹಣದ ಕಷ್ಟದಲ್ಲಿರುವಾಗ ಬೇಡ ಅನ್ನುವುದು ಸುಲಭ ಅಲ್ಲ. ಆದರೆ ಅವರ ಲೋಗೋ ನಮ್ಮ ಹೆಸರಿನ ಪಕ್ಕ ಬಂದರೆ ನಮ್ಮನ್ನು ನಂಬಿ ಬಂದವರಿಗೆ ಏನು ಹೇಳೋಣ? ಸಂಶೋಧನೆಯ ಫಲಿತಾಂಶದ ಮೇಲೂ ಅನುಮಾನ ಬರುತ್ತದೆ. ಔಷಧ ಕಂಪನಿಗಳ ಹಣದ ಬಗ್ಗೆ ಸಂಸ್ಥೆಗಳಲ್ಲಿ ನಿಯಮ ಇರುತ್ತದೆ, ಅದನ್ನು ಕೇಳಿ ತಿಳಿದುಕೊಳ್ಳಿ.

ನನ್ನ ಹತ್ತಿರ ಹಣ ಇಲ್ಲ. ಬೇರೆ ಏನು ಮಾಡಲಿ?

ಅಧ್ಯಯನಗಳಲ್ಲಿ ಭಾಗವಹಿಸಿ. ಕಾಯಿಲೆ ಇಲ್ಲದವರೂ ಬೇಕು, ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಹೋಲಿಸಿ ನೋಡಲು ಆರೋಗ್ಯವಂತರಿಲ್ಲದೆ ಎಷ್ಟೋ ಅಧ್ಯಯನಗಳು ಕುಂಟುತ್ತವೆ. 2019ರ ಆ ಅಧ್ಯಯನದಲ್ಲಿ ಕಾಯಿಲೆ ಇಲ್ಲದವರ ಸಂಖ್ಯೆ ಮೂರು ಪಟ್ಟಿಗೂ ಜಾಸ್ತಿ ಇತ್ತು ಅಲ್ವಾ? ಕೆಲವು ವಂಶವಾಹಿ ಅಧ್ಯಯನಗಳಲ್ಲಿ ಮನೆಗೇ ಕಿಟ್ ಕಳಿಸುತ್ತಾರೆ. ಸಣ್ಣ ಕೊಳವೆಯಲ್ಲಿ ಜೊಲ್ಲು ತುಂಬಿ ಅಂಚೆಯಲ್ಲಿ ವಾಪಸ್ ಕಳಿಸಿದರೆ ಆಯಿತು, ಜೊತೆಗೆ ಒಂದು ಪ್ರಶ್ನಾವಳಿ. ಸೇರುವ ಮೊದಲು ಒಪ್ಪಿಗೆ ಪತ್ರ ಪೂರ್ತಿ ಓದಿ. ಮಾಹಿತಿ ಎಲ್ಲಿ ಇಡುತ್ತಾರೆ, ಅಧ್ಯಯನ ನಿಂತುಹೋದರೆ ನಿಮ್ಮ ಮಾದರಿ ಏನಾಗುತ್ತದೆ ಅಂತ ಕೇಳಿ. ಭಾಗವಹಿಸಲು ಹಣ ಕೇಳಿದರೆ ದೂರ ಸರಿಯಿರಿ.

ಲೆಕ್ಕ ಬರೆಯುವುದು ಗೊತ್ತಿದ್ದರೆ ಲೆಕ್ಕ ನೋಡಿಕೊಳ್ಳಿ. ಅನುವಾದ ಬಂದರೆ ಪ್ರಶ್ನಾವಳಿಗಳನ್ನು ಅನುವಾದಿಸಲು ಕೈಜೋಡಿಸಿ. ಪ್ರಶ್ನಾವಳಿಗಳಲ್ಲಿ ಹೆಚ್ಚಿನವು ಇಂಗ್ಲಿಷ್‌ನಲ್ಲಿ ಹುಟ್ಟಿದವು. ಬೇರೆ ಭಾಷೆಯ ಜನ ಅದೇ ಕಾರಣಕ್ಕೆ ಸಂಶೋಧನೆಯಿಂದ ಹೊರಗುಳಿಯುತ್ತಾರೆ.

ಜನಪ್ರತಿನಿಧಿಗಳಿಗೆ ಪತ್ರ ಬರೆದರೆ ಪ್ರಯೋಜನ ಇದೆಯಾ?

ಇದೆ, ಕೇಳುವುದು ಸ್ಪಷ್ಟವಾಗಿದ್ದರೆ. ಒಂದು ಪುಟ, ಒಂದು ಬೇಡಿಕೆ. ‘ಮಾನಸಿಕ ಆರೋಗ್ಯಕ್ಕೆ ಗಮನ ಕೊಡಿ’ ಅಂತ ಬರೆದರೆ ‘ಕೊಡುತ್ತೇವೆ’ ಅಂತ ಉತ್ತರ ಬರುತ್ತದೆ, ಕಥೆ ಅಲ್ಲಿಗೆ ಮುಗಿಯುತ್ತದೆ. ಇಂಥ ಅಧ್ಯಯನ ಇಂಥ ತಿಂಗಳು ನಿಂತಿತು, ಇಷ್ಟು ಜನ ಭಾಗವಹಿಸಿದ್ದರು, ಮುಗಿಸಲು ಇಷ್ಟು ಬೇಕು, ಬಜೆಟ್ ಚರ್ಚೆಯಲ್ಲಿ ಈ ಪ್ರಶ್ನೆ ಕೇಳುತ್ತೀರಾ ಅಂತ ಬರೆಯಿರಿ. ಒಂದೇ ಪತ್ರವನ್ನು ನೂರು ಜನ ನಕಲು ಮಾಡಿ ಕಳಿಸುವುದಕ್ಕಿಂತ ಹತ್ತು ಜನ ತಮ್ಮದೇ ಮಾತಲ್ಲಿ ಬರೆದದ್ದು ಓದಿಸಿಕೊಳ್ಳುತ್ತದೆ.

ನಾವು ದೇಣಿಗೆ ಎತ್ತುತ್ತಿದ್ದೇವೆ ಅಂತಲೂ ಹೇಳಿ. ಆದರೆ ‘ಹಾಗಾದರೆ ನೀವೇ ನೋಡಿಕೊಳ್ಳಿ’ ಅನ್ನಲು ದಾರಿ ಬಿಡಬೇಡಿ. ನಮ್ಮ ಹಣ ಇಷ್ಟು ತಿಂಗಳಿಗೆ ಮಾತ್ರ, ಆಮೇಲೆ ನಿಮ್ಮದು ಬೇಕು ಅಂತ ಆ ಪತ್ರದಲ್ಲೇ ಬರೆಯಿರಿ.

ನಾನು ಸಂಶೋಧಕಿ. ಜನರ ಮುಂದೆ ಹೇಗೆ ಮಾತಾಡಲಿ?

ಭಾಗವಹಿಸಿದವರಿಗೆ ಮೊದಲು ತಿಳಿಸಿ. ಅಧ್ಯಯನ ನಿಂತ ಸುದ್ದಿ ಅವರಿಗೆ ಪತ್ರಿಕೆಯಿಂದ ಗೊತ್ತಾಗಬಾರದು. ಅವರ ಮಾಹಿತಿ, ಮಾದರಿ ಈಗ ಎಲ್ಲಿದೆ ಅಂತ ಸರಳವಾಗಿ ಬರೆಯಿರಿ. ಅಧ್ಯಯನದ ಮೂಲಕ ಚಿಕಿತ್ಸೆ ಪಡೆಯುತ್ತಿದ್ದವರಿಗೆ ಮುಂದೆ ಯಾರು ದಿಕ್ಕು ಅಂತ ಹೇಳದೆ ಪತ್ರ ಕಳಿಸಬೇಡಿ. ಜನರ ಮುಂದೆ ಮಾತಾಡುವಾಗ ಏನು ಗೊತ್ತಿಲ್ಲ ಅಂತ ಹೇಳಲು ಹೆದರಬೇಡಿ. ಹಣ ಕೇಳುತ್ತಿರುವುದೇ ಅದಕ್ಕಲ್ವಾ?

ನಮ್ಮ ಗುಂಪಿಗೆ ಕಷ್ಟದಲ್ಲಿರುವವರು ಮೆಸೇಜ್ ಮಾಡುತ್ತಾರೆ. ಏನು ಮಾಡಬೇಕು?

ಇದು ಖಂಡಿತ ಆಗುತ್ತದೆ, ಮೊದಲೇ ಸಿದ್ಧರಾಗಿ. ನೀವು ಚಿಕಿತ್ಸಕರಲ್ಲ. ಕೇಳಿಸಿಕೊಳ್ಳಿ, ಒಬ್ಬರೇ ಹೊರಬೇಡಿ, ಹತ್ತಿರದ ವೈದ್ಯರು ಮತ್ತು ಸಹಾಯವಾಣಿಯ ವಿವರ ಕೈಯಲ್ಲಿ ಇಟ್ಟುಕೊಳ್ಳಿ. ತಲೆಸುತ್ತಿ ಬೀಳುವುದು, ಎದೆನೋವು, ಎದೆಬಡಿತ ಏರುಪೇರಾಗುವುದು, ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದಿರುವುದು, ಸಾಯುವ ಮಾತು, ಇವುಗಳಲ್ಲಿ ಯಾವುದೇ ಇದ್ದರೂ ಅದು ತುರ್ತು. ತಕ್ಷಣ ಆಸ್ಪತ್ರೆಗೆ ಹೋಗಲು ಹೇಳಿ. ಹೊರಗೆ ನೋಡಲು ಚೆನ್ನಾಗಿದ್ದಾರೆ ಅಂತ ತಡಮಾಡಬೇಡಿ.

ನಿಮ್ಮ ಸ್ವಯಂಸೇವಕರಲ್ಲೇ ಚೇತರಿಸಿಕೊಳ್ಳುತ್ತಿರುವವರು ಇರುತ್ತಾರೆ. ಎಲ್ಲದಕ್ಕೂ ಮೊದಲು ಕೈ ಎತ್ತುವವರು ಅವರೇ. ಅವರಿಗೆ ಬಿಡುವು ಕೊಡಿ. ಸಭೆ ಊಟದ ಹೊತ್ತಿಗೆ ಬಿದ್ದರೆ ಸಭೆ ನಿಲ್ಲಿಸಿ ಊಟ ಮಾಡಿ, ಎಲ್ಲರೂ ಒಟ್ಟಿಗೆ.

ಇಷ್ಟೆಲ್ಲ ಮಾಡಿ ‘ಪ್ರಯೋಜನ ಕಾಣಲಿಲ್ಲ’ ಅಂತ ಫಲಿತಾಂಶ ಬಂದರೆ?

ಆ ಚಿಕಿತ್ಸೆ ಕೆಲಸ ಮಾಡುವುದಿಲ್ಲ ಅಂತ ಗೊತ್ತಾದರೆ, ಅದಕ್ಕಾಗಿ ವರ್ಷಗಳನ್ನು ಕಳೆಯಬೇಕಿದ್ದ ಮುಂದಿನ ರೋಗಿಗಳು ಉಳಿದುಕೊಂಡರು. ದೇಣಿಗೆ ಕೇಳುವಾಗಲೇ ಈ ಮಾತು ಹೇಳಿಬಿಡಿ. ನಾವು ಗೆಲುವಿಗೆ ಹಣ ಕೇಳುತ್ತಿಲ್ಲ, ಉತ್ತರಕ್ಕೆ ಕೇಳುತ್ತಿದ್ದೇವೆ. ಹೀಗೆ ಹೇಳಿ ಪಡೆದ ಹಣಕ್ಕೆ ಆಮೇಲೆ ಮುಖ ಮುಚ್ಚಿಕೊಳ್ಳಬೇಕಾಗಿಲ್ಲ.

ಸರ್ಕಾರದ ಅನುದಾನ ವಾಪಸ್ ಬಂದರೆ ಗುಂಪನ್ನು ಮುಚ್ಚಬೇಕಾ?

ಮುಚ್ಚಬೇಡಿ, ಆದರೆ ದೇಣಿಗೆ ಕೇಳುವುದನ್ನು ನಿಲ್ಲಿಸಿ. ಕೊಟ್ಟವರಿಗೆಲ್ಲ ಲೆಕ್ಕ ಕಳಿಸಿ. ಎಷ್ಟು ಬಂತು, ಎಲ್ಲಿ ಹೋಯಿತು, ಏನು ಮುಗಿಯಿತು, ಏನು ಮುಗಿಯಲಿಲ್ಲ. ಉಳಿದ ಹಣವನ್ನು ಮುಂದಿನ ಸಲದ ಕಷ್ಟಕ್ಕೆ ಇಡಬೇಕೋ, ಬೇರೆ ತಂಡಕ್ಕೆ ಕೊಡಬೇಕೋ ಅಂತ ಅವರನ್ನೇ ಕೇಳಿ. ಪ್ರತಿ ಬಜೆಟ್ ಹೊತ್ತಿಗೆ ಪತ್ರ ಬರೆಯುವ ಕೆಲಸ ನಡೆಯುತ್ತಲೇ ಇರಲಿ, ಅನುದಾನ ಚೆನ್ನಾಗಿರುವ ವರ್ಷವೂ.